ಅಕ್ಕಿ ಮೂಟೆಯ ಕೆಳಗಿನ ಬೆಂಚು

ಹಳೆಯ ಸಾಮಾನು ಮಾರುವವರಿಗೆ ನನ್ನದೊಂದು ಮಾತು: ಮನೆಯ ಬಗ್ಗೆ ಯಜಮಾನರನ್ನು ಕೇಳುವ ಮೊದಲು ಕಸ ಗುಡಿಸುವವರನ್ನು ಕೇಳಿ. ಇದನ್ನು ಕಲಿಸಿದ್ದು ಹೈದರಾಬಾದಿನ ರಾಜಕೀಯ ಮನೆತನವೊಂದರ ಹಳೆಯ ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದ, ಯಾದಗಿರಿ ಕಡೆಯ ಮುದುಕಿ. ‘ಕಂಡಿದ್ದಷ್ಟ ಹೇಳ್ತೀನ್ರಿ’ ಎನ್ನದೆ ಅವಳ ಯಾವ ಮಾತೂ ಮುಗಿಯುತ್ತಿರಲಿಲ್ಲ.

ಆ ಮನೆ ಮ್ಯೂಸಿಯಂ ಆಗುವಾಗ ಸುಲ್ತಾನ್ ಬಜಾರಿನ ನನ್ನ ಅಂಗಡಿಯಿಂದ ಕೆತ್ತನೆಯ ತೇಗದ ಕುರ್ಚಿಯೊಂದನ್ನು ಮಾರಲು ಒಯ್ದಿದ್ದೆ. ಆ ಮನೆತನದ ತೀರಿಹೋದ ಹಿರಿಯ ಸಾಹೇಬರು ಜನರ ಅಹವಾಲು ಕೇಳುತ್ತಿದ್ದ ಕುರ್ಚಿಯೆಂದು ಫಲಕ ಹಾಕಲು ಮ್ಯೂಸಿಯಂ ಅಧಿಕಾರಿ ಸಿದ್ಧನಿದ್ದ. ಅಲ್ಲಿದ್ದವರಲ್ಲಿ ಸಾಹೇಬರನ್ನು ದಿನವೂ ಕಂಡವಳು ಆ ಮುದುಕಿಯೊಬ್ಬಳೇ. ಅವಳು ಹೂಂ ಅಂದರೆ ಸಾಕಿತ್ತು. ಅವಳ ನೌಕರಿ ಕಾಯಂ ಮಾಡುವುದೂ ಅವನ ಕೈಯಲ್ಲೇ ಇತ್ತು.

‘ಹೂಂ ಅನ್ನು ಯವ್ವಾ, ನೌಕರಿ ಉಳಿತೈತಿ’ ಎಂದು ಪಿಸುಗುಟ್ಟಿದೆ.

‘ನಿಮ್ಮ ಕುರ್ಚಿ ಭಾಳ ಚಂದ ಐತ್ರಿ ಸಾವ್ಕಾರ್ರ, ಯಾರದರೆ ಲಗ್ನಕ್ಕ ಕೊಡ್ರಿ. ಸಾಹೇಬ್ರು ಮಂದಿ ಜೋಡಿ ಬೆಂಚಿನ ಮ್ಯಾಲ ಕೂಡ್ತಿದ್ರು. ಕಂಡಿದ್ದಷ್ಟ ಹೇಳ್ತೀನ್ರಿ.’

ಅಡುಗೆಮನೆಯಲ್ಲಿ ಅಕ್ಕಿ ಮೂಟೆ ಇಳಿಸಿ, ಅದರ ಕೆಳಗಿದ್ದ ಬೆಂಚನ್ನು ದರದರ ಎಳೆದು ತಂದು ಸೆರಗಿನಿಂದ ಒರೆಸಿದಳು. ಒಂದು ತುದಿ ಮಾತ್ರ ಸವೆದು ಹೊಳೆಯುತ್ತಿತ್ತು.

‘ಬಂದವರು ನಡುವ ಕೂಡ್ಲಿ ಅಂತ ತಾವು ತುದೀಗೆ ಕೂಡ್ತಿದ್ರು.’

ಅಧಿಕಾರಿ ಬಾಗಿ ಆ ತುದಿಯ ಮೇಲೆ ಕೈಯಾಡಿಸಿದ. ನಾನು ಕುರ್ಚಿಯನ್ನು ಆಟೋಗೆ ಹೇರಿದೆ.

ಮ್ಯೂಸಿಯಂ ತೆರೆದ ಮೇಲೆ ಟಿಕೆಟ್ ಕೊಂಡು ಹೋದೆ. ಬೆಂಚಿನ ಸುತ್ತ ಹಗ್ಗ ಕಟ್ಟಿತ್ತು. ಕಾವಲಿಗೆ ಅವಳೇ ನಿಂತಿದ್ದಳು.

‘ಎಷ್ಟೊತ್ತು ನಿಂದರ್ತಿ ಯವ್ವಾ? ಕೂಡಾಕ ಆ ಕುರ್ಚಿ ಕಳಸ್ತೀನಿ.’

‘ಕಳಸ್ರಿ’ ಎಂದು ನಕ್ಕಳು. ‘ಯಾರ್ದಂತ ಕೇಳಿದ್ರ ನಿಮ್ದ ಅಂತೀನ್ರಿ. ಕಂಡಿದ್ದಷ್ಟ ಹೇಳ್ತೀನ್ರಿ.’