ಬೆರಳೆತ್ತಿ ಕೊಡೋ ರಜಾ

ಕಬನೂರಿನ ಮಗ್ಗದ ಕಾರಖಾನ್ಯಾಗ ಮಂಗಲ ಹದಿನಾರು ವರ್ಷ ಅರಿವಿ ತಪಾಸಣಿ ಮಾಡ್ಯಾಳ. ಮಗ್ಗದಿಂದ ಇಳದ ಅರಿವಿ ಟೇಬಲ್ ಮ್ಯಾಲ ಹಾಸೂದು, ಗಂಟ ಇದ್ರ ಕೀಳೂದು, ಎಳಿ ಹರದಿದ್ರ ಸೂಜಿಲೆ ಕೂಡ್ಸೂದು. ಆಕಿ ಕೈಯಾಗಿಂದ ಹೋದ ಅರಿವಿ ತಿರುಗಿ ಬಂದದ್ದ ಇಲ್ಲ ನೋಡ್ರಿ.

ಮದಲ ರಜಾ ಬೇಕಂದ್ರ ಕೆಲಸ ಮಾಡಸೋ ಮುಕಾದಮ ತಾನಾಜಿ ಮುಂದ ಹೋಗಿ ನಿಂತ್ರ ಆತು. "ನಿಮ್ಮ ತವರಮನ್ಯಾಗ ತಿಂಗಳಿಗೊಬ್ರು ಜಡ್ಡ ಬೀಳತಾರೇನ?" ಅಂತ ಇಡೀ ಕಾರಖಾನಿ ಕೇಳೂಹಂಗ ಒದರಾಡಾಂವ. ಒದರಿ ಸುಸ್ತಾದ ಮ್ಯಾಲ "ಜಾ ಬಾಯಿ, ಜಾ", ಹೋಗವಾ ಹೋಗು, ಅಂತಿದ್ದ. ಬೈಸಿಕೊಂಡಾಕಿ ಅವತ್ತ ಸಂಜೀಕ ಬಸ್ ಹತ್ತತಿದ್ಲು.

ಹ್ವಾದ ವರ್ಷ ಸಣ್ಣ ಶೇಠ ಜಿನೇಶ ಪುಣೆಕ್ಕ ಹೋಗಿ ಏನೋ ಕಲತ ಬಂದ. ಅಜೈಲ್ ಅಂತ, ಕೆಲಸ ಮಾಡೋ ಹೊಸಾ ಪದ್ಧತಿ! ಅದನ್ನ ಕಲಸಾಕ ಅಜಿಂಕ್ಯ ಅನ್ನೋ ಹುಡುಗ್ ಸರ್ ಬಂದ. ಗ್ವಾಡಿಗೆ ಬಿಳೇ ಬೋರ್ಡ, ಅದರ ಮ್ಯಾಲ ಬಣ್ಣಬಣ್ಣದ ಚೀಟಿ. ದಿನಾ ಮುಂಜಾನೆ ತಪಾಸಣಿ ಮಾಡೋ ಆರೂ ಮಂದಿ ಹೆಂಗಸರು ಅದರ ಮುಂದ ನಿಂತ ಮಾತಾಡಬೇಕು. ಹದಿನೈದ ದಿನದಾಗ ಎಷ್ಟ ಅರಿವಿ ಮುಗಸ್ತೇವಿ ಅಂತ ತಾವ ಒಪ್ಪಿಕೋಬೇಕು. "ಇನ್ನಮ್ಯಾಲ ಇಲ್ಲಿ ಯಾರೂ ಸಾಹೇಬರಿಲ್ಲ, ಎಲ್ಲಾ ನೀವ ಠರಾಯಿಸಬೇಕು" ಅಂದ. ನಡುವ ಯಾರರೇ ರಜಾ ಕೇಳಿದ್ರ ಎಲ್ಲಾರೂ ಬೆರಳ ಎತ್ತಬೇಕು. ಐದಂದ್ರ ಪೂರಾ ಒಪ್ಪಿಗಿ. ಒಬ್ಬಾಕಿ ಮೂರಕ್ಕಿಂತ ಕಡಿಮಿ ಎತ್ತಿದ್ರ ರಜಾ ಮುರೀತು. ಕೇಳಾಕ ಎಷ್ಟ ಚಂದ! ಒಪ್ಪಿಗಿ ಕೇಳದ ರಜಾಕ್ಕ ಹೋದ ನೂತನಾ ಅನ್ನಾಕೀನ ಯಾವ ಸಾಹೇಬರೂ ಕೆಲಸದಿಂದ ತಗೀಲಿಲ್ಲ ಮತ್ತ. ಆಕಿ ಬೇಕೋ ಬ್ಯಾಡೋ ಅಂತ ಹೆಂಗಸರನ್ನ ಕೇಳಿದ್ರು, ಅಷ್ಟ. ಅವತ್ತ ಆಕಿ ಕೆಲಸ ಹೋತು.

ಆ ಸೋಮವಾರ ಮಂಗಲ ರಜಾ ಕೇಳೂದಿತ್ತು. ಗಡಹಿಂಗ್ಲಜ ಹತ್ರ ಇರೋ ಅವ್ವ ನಾಗೂಬಾಯಿಗೆ ಒಂದ ಕಣ್ಣ ಆಗ್ಲೇ ಹೋಗೈತಿ. ಇನ್ನೊಂದಕ್ಕ ಗುರುವಾರ ಆಪರೇಷನ್. ಮನ್ಯಾವ್ರು ಒಬ್ರು ಸಹಿ ಮಾಡಿ ಎರಡ ದಿನ ಕೂಡ ಇರಬೇಕು. ತಮ್ಮ ಹಾಲಸಿದ್ದ ಕುರಿ ಹೊಡಕೊಂಡ ದೂರ ಹೋಗ್ಯಾನ, ಫೋನ್ ಹತ್ತೂದಿಲ್ಲ. ಗುರುವಾರ ತಪ್ಪಿದ್ರ ಮುಂದಿನ ಪಾಳಿ ಒಂದೂವರಿ ತಿಂಗಳಿಗೆ. "ಅಲ್ಲೀತನಕ ಕಣ್ಣ ಉಳೀತೈತಿ ಅಂತ ನಾ ಹೇಳಾಂಗಿಲ್ಲ" ಅಂದಿದ್ರು ಡಾಕ್ಟರು.

ಮಂಗಲ ಬೋರ್ಡಿನ ಮುಂದ ಎಲ್ಲಾ ಹೇಳಿದ್ಲು. ಬೆರಳ ಎದ್ದುವು. ಐದು, ನಾಕು, ನಾಕು, ಐದು. ಪಾರುಬಾಯಿ ಎರಡ ಎತ್ತಿ ನೆಲಾ ನೋಡಿದ್ಲು.

"ಆಕಿ ಟೇಬಲ್ಲೂ ನನ್ನ ತಲಿಮ್ಯಾಲ ಬೀಳತೈತ್ರಿ. ನನ್ನ ಟೊಂಕ ಹಿಡದೈತಿ, ನಿಂದರಾಕ ಆಗವಲ್ದು" ಅಂದ್ಲು ಪಾರುಬಾಯಿ.

ಸುಳ್ಳೇನ ಅಲ್ಲ ಅದು. ಟೊಂಕಕ್ಕ ಪಟ್ಟಿ ಕಟಗೊಂಡ ಬರತಾಳಾಕಿ. ಹ್ವಾದ ತಿಂಗಳ ಆ ಟೊಂಕ ತೋರಿಸಾಕ ಕೊಲ್ಹಾಪುರಕ್ಕ ಹೋಗತೇನಂತ ಪಾರುಬಾಯಿ ರಜಾ ಕೇಳಿದಾಗ, ಎರಡ ಬೆರಳ ಎತ್ತಿದಾಕಿ ಮಂಗಲಾನ. ಕೆಲಸ ತನಗ ಬೀಳತೈತಿ ಅಂತ. ಈಗ ಯಾವ ಬಾಯಿಲೆ ಬೈಬೇಕ ಆಕೀನ?

ಮಂಗಲ ತಾನಾಜಿ ಕಡೆ ನೋಡಿದ್ಲು. ಈಗ ಅಂವಾ ಚೀಟಿ ಹಚ್ಚಾಂವ ಅಷ್ಟ. ಬೈರಿ ಮಾಮಾ, ಒಂದೀಟ ಬೈರಿ, ಅಂತ ಆಕಿ ಜೀವ ಒದ್ದಾಡಿತು. ತಾನಾಜಿ ಬಾಯಿ ತಗದ. ಅಜಿಂಕ್ಯ ಮೆತ್ತಗ ಅಂವಾನ ತೋಳ ಮುಟ್ಟಿ, "ದಾದಾ, ನೀವ ಬ್ಯಾಡ, ಅವ್ರ ಠರಾಯಿಸ್ಲಿ" ಅಂದ. ತಾನಾಜಿ ತಿರುಗಿ ಚೀಟಿ ಹಚ್ಚಾಕ ಹತ್ತಿದ.

"ಮಂಗಲತಾಯಿ, ಯಾರ ಜಬರದಸ್ತಿನೂ ಇಲ್ಲ. ನೀವ ಏನ ಮಾಡತೀರಿ ಹೇಳ್ರಿ" ಅಂದ ಅಜಿಂಕ್ಯ.

ಎಲ್ಲಾರೂ ಆಕೀನ ನೋಡಾಕತ್ತಿದ್ರು. ಹೋದ್ರ ನೂತನಾನ ಗತಿ. ಉಳದ್ರ ಅವ್ವನ ಕಣ್ಣ. ಬಾಗಲಾ ತಗದ ಐತಿ, ಒಬ್ರೂ ಅಡ್ಡ ನಿಂತಿಲ್ಲ.

"ನಾ ಹೋಗಾಂಗಿಲ್ರಿ" ಅಂದ್ಲು.

ಚಪ್ಪಾಳಿ ತಟ್ಟಿದ್ರು! ಜಿನೇಶ ಶೇಠ ಆಫೀಸಿನ ಗಾಜಿನ ಆಚೇಕ ನಿಂತ ತಟ್ಟಿದ. ಪಾರುಬಾಯಿನೂ ಮಾರಿ ಎತ್ತದ ತಟ್ಟಿದ್ಲು. ಮಂಗಲ ಟೇಬಲ್ಲಿಗೆ ಹೋಗಿ ಅರಿವಿ ಹಾಸಿದ್ಲು.

ಮಧ್ಯಾಹ್ನ ಊಟದ ಹೊತ್ತಿಗೆ ನೀರಿನ ಟಾಕಿ ಹಿಂದ ನಿಂತ ಅವ್ವಗ ಫೋನ್ ಹಚ್ಚಿದ್ಲು.

"ಬರಾಕ ಆಗೂದಿಲ್ಲವ್ವಾ."

"ಯಾರ ಬ್ಯಾಡಂದ್ರು? ಆ ಒದರೋ ಮುಕಾದಮನ? ಫೋನ್ ಕೊಡ ಅವನ ಕೈಯಾಗ, ನಾ ಕೇಳತೇನಿ."

"ಅಂವಲ್ಲವ್ವಾ."

"ಶೇಠ?"

"ಅಲ್ಲ."

"ಮತ್ಯಾರ ಹಂಗಾರ?"

ಮಂಗಲಾಗ ಸುಳ್ಳ ಹೇಳಾಕ ಒಂದ ಹೆಸರ ಸೈತ ಸಿಗಲಿಲ್ಲ.

"ನಾನ ಅವ್ವಾ. ನಾನ ಬ್ಯಾಡಂದೆ."



"ಮುಕಾದಮ ಬ್ಯಾಡಂದಿದ್ರ ಅವನ ಕಾಲ ಹಿಡಕೊಂಡ ಕೇಳತಿದ್ನೆವ್ವಾ," ಅಂತು ಮುದುಕಿ. "ನಿನಗ ಏನಂತ ಕೇಳ್ಲಿ?"