ಗಂಡನ ಸ್ವೆಟರಿನ ಟೋಪಿ

ಇದು ಹೋದ ಚಳಿಗಾಲದ ಮಾತು. ಹಳೇ ಸ್ವೆಟರ್ ಬಿಚ್ಚಿ, ಆ ದಾರದಲ್ಲಿ ಟೋಪಿ ಹೆಣೆದು ಹೊಳಲ್ಕೆರೆ ಸಂತೆಯಲ್ಲಿ ಮಾರುತ್ತಿದ್ದೆ. ಒಬ್ಬ ಹೆಂಗಸು ತೀರಿಕೊಂಡ ಗಂಡನ ಸ್ವೆಟರ್ ತಂದರು.

"ನಾಳೆ ಅವರ ಬಟ್ಟೆ ಎಲ್ಲಾ ಕೊಟ್ಬಿಡ್ತಾರವ್ವ, ಮನೇಲಿ ಇಟ್ಕಬಾರ್ದಂತೆ. ಟೋಪಿ ಆದ್ರೆ ಮಗಳು ಹಾಕ್ಕಂತಾಳೆ."

ಸ್ವೆಟರಿನ ಪಕ್ಕದ ಹೊಲಿಗೆ ನೋಡಿದೆ. ಯಂತ್ರದಲ್ಲಿ ಹೆಣೆದು, ಕತ್ತರಿಸಿ ಹೊಲಿದದ್ದು. ಇಂಥದನ್ನು ಬಿಚ್ಚಿದರೆ ಪ್ರತಿ ಸಾಲಿಗೂ ದಾರ ತುಂಡಾಗುತ್ತದೆ. ನಾನು ಇವನ್ನು ಕೊಳ್ಳುವುದೇ ಇಲ್ಲ.

"ಬರೀ ತುಂಡು ಬರ್ತಾವಕ್ಕ. ಎಲ್ಲಾ ಗಂಟು ಹಾಕ್ಬೇಕು."

"ಹಾಕವ್ವ. ಒಳಗಡೆ ಯಾರು ನೋಡ್ತಾರೆ?"

ಬಿಚ್ಚಿದ ದಾರವನ್ನು ತೊಳೆದೇ ಹೆಣೆಯುವುದು ನನ್ನ ಕ್ರಮ. ಇದನ್ನು ತೊಳೆಯಬೇಡ ಎಂದರು. ತೊಳೆಯಲಿಲ್ಲ.

ಮುಂದಿನ ಸಂತೆಗೆ ಮಗಳನ್ನೂ ಕರೆತಂದರು. ಹುಡುಗಿ ಟೋಪಿ ಹಾಕಿಕೊಂಡು ಹಣೆ ಉಜ್ಜಿದಳು.

"ಚುಚ್ಚುತ್ತಾ?" ಎಂದೆ.

"ಅಪ್ಪನ ಗಡ್ಡದಂಗೆ ಐತೆ," ಎಂದಳು. ತೆಗೆಯಲಿಲ್ಲ.

ಒಳಗೆ ಅರವತ್ತೆಂಟು ಗಂಟುಗಳಿದ್ದವು.