ನೀರು ದಾಟಿದ ಚೌಕ

ಕಂಪ್ಯೂಟರ್ ಪರದೆಯ ಮೇಲೆ ನೀಲಿ ಗೆರೆಯೊಂದು ಚೌಕದಿಂದ ಚೌಕಕ್ಕೆ ದಡವನ್ನು ತಿನ್ನುತ್ತ ಸಾಗುವುದನ್ನು, ನಮ್ಮನೆಗೆ ಮೀನು ತಂದಿದ್ದ ಮಾವಿನಕುರ್ವೆಯ ದೇವಕ್ಕ ಬುಟ್ಟಿ ಇಳಿಸಿ ನೋಡುತ್ತ ನಿಂತರು. ಅವರ ಊರಿನ ಕಡಲ್ಕೊರೆತ ಎಲ್ಲಿಗೆ ಯಾವಾಗ ತಲುಪುತ್ತದೆ, ಯಾವ ಮನೆಗೆ ಎಷ್ಟು ದೂರ ಎಂದು ಲೆಕ್ಕ ಹಾಕುವುದು ನನ್ನ ಎಂಜಿನಿಯರಿಂಗ್ ಪ್ರಾಜೆಕ್ಟ್ ಆಗಿತ್ತು.

“ನಿಮ್ಮನೆಗೆ ಇನ್ನೂ ದೂರ ಅದೆ, ಹೆದರ್ಬೇಡಿ” ಎಂದೆ.

“ಮನೆ ಇರ್ಲಿ ತಮಾ, ಆ ದೊಡ್ಡ ಗಾಳಿಮರ ಎಲ್ಲಿ ಅದೆ ಇದ್ರಲ್ಲಿ?”

ಮುಂದಿನ ಮಳೆಗಾಲಕ್ಕೆಂದು ಹಾಕಿದ ಲೆಕ್ಕದಲ್ಲಿ ಆಗಲೇ ನೀಲಿಯಲ್ಲಿ ಮುಳುಗಿದ್ದ ಚೌಕವೊಂದನ್ನು ತೋರಿಸಿದೆ.

“ಅದ್ರ ಬುಡಕ್ಕೇ ಅಲ್ವಾ ನನ್ನ ಕೂಸಿನ ಹುಗ್ದದ್ದು” ಎಂದು ಅವರು ಬುಟ್ಟಿ ಎತ್ತಿಕೊಂಡರು.

ನೀರು ಒಮ್ಮೆ ತಲುಪಿದ ಚೌಕವನ್ನು ಆ ಲೆಕ್ಕ ಮತ್ತೆ ನೋಡುವುದಿಲ್ಲ. ಅದು ಬೇಗ ಮುಗಿಯುವುದೇ ಹಾಗೆ. ಮುಂದಿನ ಮಳೆಗಾಲದಲ್ಲಿ ಗಾಳಿಮರ ಉರುಳಿತು. ನನ್ನ ಲೆಕ್ಕ ಸರಿಯಾಗಿತ್ತು ಎಂದು ಯಾರಿಗೂ ಹೇಳಲಿಲ್ಲ.